ನಗರಗಳ ನೆತ್ತಿಯ ಮೇಲೆ ಹೆಲಿಕಾಪ್ಟರ್ ಸಾರಿಗೆ: ಮೂರು ದಶಕಗಳ ನೆನಪು

ಹೆಲಿಕಾಪ್ಟರ್ ಎಂದೊಡನೆ ನಮ್ಮ ನಾಡಿನ ಓದುಗರಿಗೆ ನೆನಪಾಗುವುದು ಚುನಾವಣಾ ಪ್ರಚಾರಕ್ಕೆ ಶಾಲಾ ಮೈದಾನದಲ್ಲಿ ಬಂದಿಳಿಯುವ ನಾಯಕರು, ನೆರೆ ಹಾವಳಿಯ ಕಾಲದಲ್ಲಿ ಮೇಲಿನಿಂದ ಬೀಳುವ ಆಹಾರದ ಪೊಟ್ಟಣಗಳು, ಇಲ್ಲವೇ ಕೇದಾರನಾಥದ ಯಾತ್ರಿಕರು. ಗಣ್ಯರಿಗೆ, ಆಪತ್ತಿಗೆ, ದುರ್ಗಮ ಬೆಟ್ಟಕ್ಕೆ ಮೀಸಲಾದ ವಾಹನವಿದು ಎಂಬ ಭಾವನೆ ಬಲವಾಗಿ ಬೇರೂರಿದೆ. ಎರಡನೆಯ ಮಹಾಯುದ್ಧದ ನಂತರದ ಮೂರು ದಶಕಗಳಲ್ಲಿ ಅಮೆರಿಕ ಮತ್ತು ಯೂರೋಪಿನ ಕೆಲವು ಮಹಾನಗರಗಳಲ್ಲಿ ಪರಿಸ್ಥಿತಿ ಬೇರೆಯಾಗಿತ್ತು. ಅಲ್ಲಿ ಹೆಲಿಕಾಪ್ಟರ್ ಬಸ್ಸಿನಂತೆ ವೇಳಾಪಟ್ಟಿಯ ಪ್ರಕಾರ ಓಡಾಡುತ್ತಿತ್ತು. ಟಿಕೆಟ್ ಪಡೆದ ಯಾರು ಬೇಕಾದರೂ ಅದನ್ನು ಹತ್ತಬಹುದಾಗಿತ್ತು. ಲಾಸ್ ಏಂಜಲೀಸ್, ಷಿಕಾಗೊ, ನ್ಯೂಯಾರ್ಕ್, ಲಂಡನ್, ಬ್ರಸೆಲ್ಸ್ ನಗರಗಳು ಈ ಪ್ರಯೋಗದ ಮುಖ್ಯ ಕೇಂದ್ರಗಳಾಗಿದ್ದವು. 1947ರಲ್ಲಿ ಟಪಾಲು ಚೀಲಗಳೊಂದಿಗೆ ಆರಂಭವಾದ ಈ ಸಾರಿಗೆ 1979ರಲ್ಲಿ ನ್ಯೂಯಾರ್ಕಿನ ಕಂಪನಿ ದಿವಾಳಿಯಾಗುವುದರೊಂದಿಗೆ ಬಹುತೇಕ ಕೊನೆಗೊಂಡಿತು. ಪ್ರಯಾಣಿಕರ ಕೊರತೆಯೊಂದೇ ಇದಕ್ಕೆ ಕಾರಣವಲ್ಲ. ಸರಕಾರದ ಸಹಾಯಧನ ನಿಂತದ್ದು ಮತ್ತು ಲೋಹದೊಳಗೆ ಕಣ್ಣಿಗೆ ಕಾಣದಂತೆ ಬೆಳೆದ ಬಿರುಕುಗಳು, ಇವೆರಡೂ ಸೇರಿ ಆ ಸಾರಿಗೆಯ ಬೆನ್ನು ಮುರಿದವು.

ಟಪಾಲಿನಿಂದ ಆರಂಭ

ರಷ್ಯಾದಿಂದ ವಲಸೆ ಬಂದು ಅಮೆರಿಕದಲ್ಲಿ ನೆಲೆಸಿದ್ದ ಇಗೋರ್ ಸಿಕೋರ್ಸ್ಕಿ 1939ರ ಸೆಪ್ಟೆಂಬರ್ 14ರಂದು ತಮ್ಮ ವಿಎಸ್-300 ಯಂತ್ರವನ್ನು ನೆಲದಿಂದ ಮೇಲೆತ್ತಿದರು. ಯುದ್ಧಕಾಲದಲ್ಲಿ ಅಮೆರಿಕದ ಸೇನೆ ಹೆಲಿಕಾಪ್ಟರುಗಳನ್ನು ಬಳಸಿತಾದರೂ ನಾಗರಿಕ ಬಳಕೆಗೆ ಅಧಿಕೃತ ಪರವಾನಗಿ ಪಡೆದ ಮೊದಲ ಯಂತ್ರ ಬೆಲ್ ಕಂಪನಿಯ ಬೆಲ್-47. ಗಾಜಿನ ಬುರುಡೆಯಂತಹ ಮುಂಭಾಗದಿಂದ ಪ್ರಸಿದ್ಧವಾದ ಈ ಮಾದರಿಗೆ 1946ರ ಮಾರ್ಚ್ 8ರಂದು ಪ್ರಮಾಣಪತ್ರ ದೊರೆಯಿತು. ಮನೆಯ ಹಿತ್ತಲಲ್ಲಿ ಕಾರಿನ ಜತೆಗೊಂದು ಹೆಲಿಕಾಪ್ಟರ್ ನಿಲ್ಲುವ ದಿನ ದೂರವಿಲ್ಲವೆಂದು ಆಗಿನ ಪತ್ರಿಕೆಗಳು ಬರೆದವು. ಅಂತಹ ದಿನ ಬರಲಿಲ್ಲವೆಂಬುದನ್ನು ವಿವರಿಸಬೇಕಾಗಿಲ್ಲ.

ಉದ್ಯಮಿಗಳ ಲೆಕ್ಕಾಚಾರ ಇದಕ್ಕಿಂತ ವ್ಯಾವಹಾರಿಕವಾಗಿತ್ತು. ವಿಮಾನ ನಿಲ್ದಾಣಗಳು ಊರಿನ ಹೊರಗೆ ಸರಿಯುತ್ತಿದ್ದವು, ರಸ್ತೆಗಳಲ್ಲಿ ಕಾರುಗಳು ಹೆಚ್ಚುತ್ತಿದ್ದವು. ನೂರಾರು ಮೈಲಿ ದೂರದಿಂದ ಕೆಲವೇ ಗಂಟೆಗಳಲ್ಲಿ ಬಂದ ಪತ್ರವು ನಿಲ್ದಾಣದಿಂದ ಊರೊಳಗಿನ ಅಂಚೆ ಕಚೇರಿಗೆ ಸೇರಲು ಅಷ್ಟೇ ಹೊತ್ತು ತೆಗೆದುಕೊಳ್ಳುತ್ತಿತ್ತು. ಈ ಕೊನೆಯ ಹತ್ತಿಪ್ಪತ್ತು ಮೈಲಿಯ ತೊಡಕನ್ನು ನಿವಾರಿಸಲು ಹೆಲಿಕಾಪ್ಟರ್ ತಕ್ಕ ಸಾಧನವೆಂದು ಅಮೆರಿಕದ ಅಂಚೆ ಇಲಾಖೆ ಭಾವಿಸಿತು. 1947ರ ಅಕ್ಟೋಬರ್ 1ರಂದು ಲಾಸ್ ಏಂಜಲೀಸ್ ಏರ್‌ವೇಸ್ ಎಂಬ ಕಂಪನಿ ಸಿಕೋರ್ಸ್ಕಿ ಎಸ್-51 ಯಂತ್ರಗಳಲ್ಲಿ ಟಪಾಲು ಸಾಗಣೆ ಆರಂಭಿಸಿತು. 1949ರಲ್ಲಿ ಷಿಕಾಗೊ ನಗರದಲ್ಲಿಯೂ 1952ರ ಅಕ್ಟೋಬರ್‌ನಲ್ಲಿ ನ್ಯೂಯಾರ್ಕಿನಲ್ಲಿಯೂ ಇಂತಹುದೇ ಸೇವೆಗಳು ತೊಡಗಿದವು.

ಟಪಾಲು ಗುತ್ತಿಗೆಯ ಹಿಂದೆ ಒಂದು ನೀತಿಯೂ ಇತ್ತು. ಟಪಾಲು ಸಾಗಣೆಯ ದರದಲ್ಲಿಯೇ ಸಹಾಯಧನವನ್ನು ಸೇರಿಸಿ ಕೊಡುವ ಕ್ರಮದಿಂದ ಅಮೆರಿಕವು ಈ ಮೊದಲು ತನ್ನ ವಿಮಾನ ಕಂಪನಿಗಳನ್ನು ಬೆಳೆಸಿತ್ತು. ಕೂಸಾಗಿದ್ದಾಗ ವಿಮಾನಯಾನವನ್ನು ಸಾಕಿದ ಕ್ರಮವೇ ಹೆಲಿಕಾಪ್ಟರ್ ಸಾರಿಗೆಯನ್ನೂ ಸಾಕಬಲ್ಲದು, ಬೆಳೆದು ನಿಂತ ಬಳಿಕ ಅದು ತನ್ನ ಅನ್ನವನ್ನು ತಾನೇ ದುಡಿದುಕೊಳ್ಳುತ್ತದೆ ಎಂಬುದು ಅಧಿಕಾರಿಗಳ ನಿರೀಕ್ಷೆ. ಮುಂದಿನ ಹದಿನೆಂಟು ವರ್ಷಗಳ ಕಥೆ ಈ ನಿರೀಕ್ಷೆಯ ಮೇಲೆಯೇ ನಿಂತಿದೆ.

ಯೂರೋಪಿನ ಪ್ರಯೋಗಗಳು

ವೇಳಾಪಟ್ಟಿಯ ಪ್ರಕಾರ ಪ್ರಯಾಣಿಕರನ್ನು ಮೊದಲು ಹೊತ್ತ ಕೀರ್ತಿ ಬ್ರಿಟನ್ನಿನದು. ಬ್ರಿಟಿಷ್ ಯೂರೋಪಿಯನ್ ಏರ್‌ವೇಸ್ ಸಂಸ್ಥೆಯು 1950ರ ಜೂನ್ 1ರಂದು ಲಿವರ್‌ಪೂಲ್ ಮತ್ತು ಕಾರ್ಡಿಫ್ ನಡುವೆ ರೆಕ್ಸಮ್ ಮಾರ್ಗವಾಗಿ ಸೇವೆ ತೊಡಗಿತು. ಬಳಸಿದ್ದು ಎಸ್-51, ಪೈಲಟ್ ಬಿಟ್ಟರೆ ಮೂವರಿಗೆ ಮಾತ್ರ ಸ್ಥಳ. ಒಂದು ವರ್ಷ ತುಂಬುವ ಮೊದಲೇ, 1951ರ ಮಾರ್ಚ್ ಕೊನೆಯಲ್ಲಿ ಅದನ್ನು ನಿಲ್ಲಿಸಲಾಯಿತು. 1955ರ ಜುಲೈನಲ್ಲಿ ಅದೇ ಸಂಸ್ಥೆ ಲಂಡನ್ ವಿಮಾನ ನಿಲ್ದಾಣದಿಂದ ವಾಟರ್‌ಲೂ ಬಳಿಯ ಥೇಮ್ಸ್ ನದಿಯ ದಕ್ಷಿಣ ದಂಡೆಗೆ ಇನ್ನೊಂದು ಸೇವೆ ಆರಂಭಿಸಿತು. ಒಂದೇ ಎಂಜಿನ್ನಿನ ಯಂತ್ರ ಕೆಟ್ಟರೆ ಮನೆಗಳ ಮೇಲೆ ಬೀಳಬಾರದೆಂದು ಅದು ನದಿಯ ತಿರುವುಗಳನ್ನೇ ಅನುಸರಿಸಿ ಹಾರಬೇಕಾಗಿತ್ತು, ನೀರಿನ ಮೇಲೆ ಇಳಿಯಲು ತೇಲುಚೀಲಗಳನ್ನೂ ಕಟ್ಟಲಾಗಿತ್ತು. 1956ರ ಮೇ ತಿಂಗಳಲ್ಲಿ ಅದೂ ನಿಂತಿತು.

ಬೆಲ್ಜಿಯಮ್ಮಿನ ಸಬೇನಾ ಸಂಸ್ಥೆಯ ಸಾಹಸ ಇವೆರಡಕ್ಕಿಂತ ದೊಡ್ಡದು. 1953ರ ಸೆಪ್ಟೆಂಬರ್ 1ರಂದು ಬ್ರಸೆಲ್ಸಿನಿಂದ ನೆರೆಯ ದೇಶಗಳ ನಗರಗಳಿಗೆ ಅದು ತೆರೆದ ಮಾರ್ಗಗಳು ಜಗತ್ತಿನ ಪ್ರಥಮ ಅಂತರರಾಷ್ಟ್ರೀಯ ಹೆಲಿಕಾಪ್ಟರ್ ಪ್ರಯಾಣಿಕ ಸೇವೆ. ರೋಟರ್‌ಡ್ಯಾಮ್, ಲಿಲ್, ಬಾನ್‌ಗಳಿಗೆ ಹೋಗುವವರು ಊರ ನಡುವಿನ ಹೆಲಿಕಾಪ್ಟರ್ ನಿಲ್ದಾಣದಲ್ಲಿಯೇ ಯಂತ್ರವೇರುತ್ತಿದ್ದರು. 1957ರಲ್ಲಿ ಪ್ಯಾರಿಸ್ಸಿಗೂ ಮಾರ್ಗ ತೆರೆಯಿತು. ಹನ್ನೆರಡು ಆಸನಗಳ ಎಸ್-58 ಯಂತ್ರ ಆಗ ಅಲ್ಲಿನ ಮುಖ್ಯ ವಾಹನ. ಚಿಕ್ಕ ದೇಶ, ಹತ್ತಿರದ ಗಡಿಗಳು, ಯುದ್ಧದಲ್ಲಿ ಹಾಳಾಗಿದ್ದ ರಸ್ತೆಗಳು, ಇವೆಲ್ಲ ಸಬೇನಾಕ್ಕೆ ಅನುಕೂಲವಾಗಿದ್ದವು. ರೈಲು, ರಸ್ತೆಗಳು ಸುಧಾರಿಸಿದಂತೆ ಆ ಅನುಕೂಲ ಕರಗಿತು. 1966ರಲ್ಲಿ ಸಬೇನಾ ಈ ಸೇವೆಯನ್ನು ಮುಚ್ಚಿತು.

ನ್ಯೂಯಾರ್ಕ್ ಏರ್‌ವೇಸ್

ಪ್ರಯೋಗ ಅತ್ಯಂತ ಗಂಭೀರವಾಗಿ ನಡೆದದ್ದು ನ್ಯೂಯಾರ್ಕಿನಲ್ಲಿ. ಆ ನಗರಕ್ಕೆ ಮೂರು ವಿಮಾನ ನಿಲ್ದಾಣಗಳು: ಐಡಲ್‌ವೈಲ್ಡ್ (1963ರ ಡಿಸೆಂಬರ್‌ನಿಂದ ಕೆನಡಿ ನಿಲ್ದಾಣ), ಲಾಗ್ವಾರ್ಡಿಯಾ ಮತ್ತು ನೆರೆಯ ನ್ಯೂಜೆರ್ಸಿಯ ನ್ಯೂವಾರ್ಕ್. ಒಂದರಲ್ಲಿ ಇಳಿದವರು ಇನ್ನೊಂದರಲ್ಲಿ ವಿಮಾನ ಹಿಡಿಯಬೇಕಾದರೆ ನದಿ, ಸೇತುವೆ, ಸುರಂಗಗಳನ್ನು ದಾಟಿ ಇಡೀ ಮಹಾನಗರವನ್ನೇ ಹಾಯಬೇಕು. ನ್ಯೂಯಾರ್ಕ್ ಏರ್‌ವೇಸ್ 1953ರ ಜುಲೈ 8ರಂದು ಈ ಮೂರನ್ನೂ ಬೆಸೆಯುವ ಪ್ರಯಾಣಿಕ ಸೇವೆಯನ್ನು ಆರಂಭಿಸಿತು. 1956ರಲ್ಲಿ ಮ್ಯಾನ್‌ಹಟನ್ನಿನ ಹಡ್ಸನ್ ನದಿಯ ದಂಡೆಯಲ್ಲಿ, ಪಶ್ಚಿಮ 30ನೇ ಬೀದಿಯ ತುದಿಯಲ್ಲಿ, ಹೆಲಿಕಾಪ್ಟರ್ ನಿಲ್ದಾಣ ತೆರೆದ ಮೇಲೆ ಊರಿನೊಳಗಿನಿಂದಲೇ ಹಾರಲು ಸಾಧ್ಯವಾಯಿತು.

ಆರಂಭದ ವರ್ಷಗಳ ಯಂತ್ರ ಎಸ್-55. ಇದರ ರಚನೆ ವಿಚಿತ್ರವಾಗಿತ್ತು. ಪಿಸ್ಟನ್ ಎಂಜಿನ್ ಮೂತಿಯಲ್ಲಿ ಓರೆಯಾಗಿ ಕುಳಿತಿರುತ್ತಿತ್ತು. ಅದರ ಹಿಂದೆ, ರೋಟರಿನ ನೇರ ಕೆಳಗೆ, ಏಳೆಂಟು ಪ್ರಯಾಣಿಕರ ಕೋಣೆ. ಪೈಲಟ್‌ಗಳು ಕೋಣೆಯ ಮೇಲ್ಗಡೆ, ಅಟ್ಟದ ಮೇಲೆ ಕುಳಿತವರಂತೆ ಎತ್ತರದಲ್ಲಿರುತ್ತಿದ್ದರು. ಎಂಜಿನ್ನಿನಿಂದ ರೋಟರಿಗೆ ಶಕ್ತಿ ಒಯ್ಯುವ ದಂಡ ಅವರಿಬ್ಬರ ನಡುವೆಯೇ ಹಾದುಹೋಗುತ್ತಿತ್ತು. ಹೀಗಾಗಿ ಅಬ್ಬರ, ಬಿಸಿ, ನಡುಕ ಈ ಮೂರೂ ಪೈಲಟ್ಟನ ಸಂಗಾತಿಗಳು.

ಹಾರಿಸುವ ಕೆಲಸವೂ ಸುಲಭದ್ದಾಗಿರಲಿಲ್ಲ. ವಿಮಾನವು ಒಂದು ಎತ್ತರಕ್ಕೇರಿ ಸಮತೋಲನಕ್ಕೆ ಬಂದರೆ ಬಹುಮಟ್ಟಿಗೆ ತಾನಾಗಿಯೇ ಹಾರುತ್ತದೆ. ಆ ಕಾಲದ ಹೆಲಿಕಾಪ್ಟರಿಗೆ ಆ ಗುಣವಿರಲಿಲ್ಲ. ಎಡಗೈಯಲ್ಲಿ ಎಲ್ಲ ಬ್ಲೇಡುಗಳ ಕೋನವನ್ನು ಒಟ್ಟಾಗಿ ಏರಿಳಿಸುವ ಸನ್ನೆ, ಅದರ ತುದಿಯಲ್ಲಿ ಮೋಟಾರ್ ಸೈಕಲ್ಲಿನಂತೆ ತಿರುಚುವ ಥ್ರಾಟಲ್. ಬಲಗೈಯಲ್ಲಿ ದಿಕ್ಕು ಬದಲಿಸುವ ದಂಡ. ಕಾಲುಗಳಲ್ಲಿ ಬಾಲದ ಪುಟ್ಟ ರೋಟರನ್ನು ನಿಯಂತ್ರಿಸುವ ಪೆಡಲುಗಳು. ಒಂದನ್ನು ಅಲುಗಾಡಿಸಿದರೆ ಉಳಿದವನ್ನೂ ಸರಿಪಡಿಸಬೇಕು. ಬೆಳಗಿನಿಂದ ಸಂಜೆಯವರೆಗೆ ಹತ್ತಾರು ಸಲ ಏರುವುದು, ಇಳಿಯುವುದು, ಪ್ರತಿ ಹಾರಾಟವೂ ಎಂಟು ಹತ್ತು ನಿಮಿಷದ್ದು. ದೊಡ್ಡ ವಿಮಾನದ ಪೈಲಟ್ ಒಂದು ವಾರದಲ್ಲಿ ಮಾಡುವಷ್ಟು ಇಳಿತಗಳನ್ನು ಇವರು ಒಂದೇ ಪಾಳಿಯಲ್ಲಿ ಮುಗಿಸುತ್ತಿದ್ದರು.

ಇದ್ದ ಒಂದೇ ಎಂಜಿನ್ ನಿಂತರೆ ಏನು ಮಾಡಬೇಕೆಂಬ ಪ್ರಶ್ನೆ ಹಾರಾಟದುದ್ದಕ್ಕೂ ಮನಸ್ಸಿನಲ್ಲಿರಬೇಕಾಗಿತ್ತು. ಎಂಜಿನ್ ನಿಂತ ಮಾತ್ರಕ್ಕೆ ಹೆಲಿಕಾಪ್ಟರ್ ಕಲ್ಲಿನಂತೆ ಬೀಳುವುದಿಲ್ಲ. ಬ್ಲೇಡುಗಳ ಕೋನವನ್ನು ತಕ್ಷಣ ತಗ್ಗಿಸಿದರೆ ಕೆಳಗಿನಿಂದ ನುಗ್ಗುವ ಗಾಳಿ ರೋಟರನ್ನು ತಿರುಗಿಸುತ್ತಲೇ ಇರುತ್ತದೆ. ನೆಲ ಹತ್ತಿರ ಬಂದಾಗ ಆ ತಿರುಗುವಿಕೆಯ ಬಲವನ್ನೇ ಬಳಸಿ ಮೆತ್ತಗೆ ಇಳಿಯಬಹುದು. ಇಳಿಯಲು ಬಯಲು ಬೇಕು ಎಂಬುದೊಂದೇ ಷರತ್ತು. ಹೀಗಾಗಿ ನದಿ, ಉದ್ಯಾನ, ಆಟದ ಮೈದಾನ, ರೈಲ್ವೆ ಅಂಗಳಗಳ ನಕ್ಷೆ ಪೈಲಟ್‌ಗಳಿಗೆ ಬಾಯಿಪಾಠವಾಗಿರಬೇಕಿತ್ತು.

ಪೆರಿ ಯಂಗ್ ನೇಮಕ

ನ್ಯೂಯಾರ್ಕ್ ಏರ್‌ವೇಸ್ ಹೆಸರು ಅಮೆರಿಕದ ಸಾಮಾಜಿಕ ಚರಿತ್ರೆಯಲ್ಲಿ ಉಳಿದಿರುವುದಕ್ಕೆ ಬೇರೊಂದು ಕಾರಣವಿದೆ. 1919ರಲ್ಲಿ ದಕ್ಷಿಣ ಕೆರೊಲಿನಾದಲ್ಲಿ ಹುಟ್ಟಿ ಒಹಾಯೊ ರಾಜ್ಯದಲ್ಲಿ ಬೆಳೆದ ಪೆರಿ ಯಂಗ್, ಯುದ್ಧಕಾಲದಲ್ಲಿ ಟಸ್ಕೀಗೀಯಲ್ಲಿ ಕಪ್ಪು ಜನಾಂಗದ ಯುವಕರಿಗೆ ವಿಮಾನ ಹಾರಾಟ ಕಲಿಸಿದವರು. ಅಲ್ಲಿ ತರಬೇತಾದವರು ಮುಂದೆ ಯುದ್ಧವಿಮಾನಗಳನ್ನು ಹಾರಿಸಿ ಹೆಸರು ಗಳಿಸಿದರು. ಯುದ್ಧ ಮುಗಿದ ಮೇಲೆ ಅವರ ಗುರುವಿಗೆ ಸ್ವದೇಶದ ಯಾವ ವಿಮಾನ ಕಂಪನಿಯೂ ಕೆಲಸ ಕೊಡಲಿಲ್ಲ. ಚರ್ಮದ ಬಣ್ಣವೇ ಅಡ್ಡಿ. ಹೈಟಿ ಮೊದಲಾದ ಕೆರಿಬಿಯನ್ ನಾಡುಗಳಲ್ಲಿ ಅವರು ಹೊಟ್ಟೆಪಾಡು ನಡೆಸಬೇಕಾಯಿತು. ಹೆಲಿಕಾಪ್ಟರ್ ಹಾರಿಸುವ ಅನುಭವವೂ ಅವರಿಗೆ ದೇಶದ ಹೊರಗೆಯೇ ಸಿಕ್ಕಿತು.

ನ್ಯೂಯಾರ್ಕ್ ರಾಜ್ಯದಲ್ಲಿ ಉದ್ಯೋಗದಲ್ಲಿನ ಜನಾಂಗಭೇದವನ್ನು ನಿಷೇಧಿಸುವ ಕಾನೂನು ಇತ್ತು. ಅದರ ಜಾರಿಗಾಗಿ ರಚಿತವಾದ ಆಯೋಗ ವಿಮಾನ ಕಂಪನಿಗಳ ಮೇಲೆ ಒತ್ತಡ ಹೇರುತ್ತಿತ್ತು. ನುರಿತ ಹೆಲಿಕಾಪ್ಟರ್ ಪೈಲಟ್‌ಗಳು ಅಪರೂಪವಾಗಿದ್ದ ಕಾಲವದು. 1956ರ ಡಿಸೆಂಬರ್‌ನಲ್ಲಿ ನ್ಯೂಯಾರ್ಕ್ ಏರ್‌ವೇಸ್ ಪೆರಿ ಯಂಗ್ ಅವರನ್ನು ನೇಮಿಸಿಕೊಂಡಿತು. 1957ರ ಫೆಬ್ರವರಿ 5ರಂದು ಅವರು ಪ್ರಯಾಣಿಕರನ್ನು ಹೊತ್ತು ಹಾರಿದರು. ಅಮೆರಿಕದ ನಿಯತಕಾಲಿಕ ವಾಯುಸೇವೆಯೊಂದರಲ್ಲಿ ಕಪ್ಪು ಜನಾಂಗದ ಪೈಲಟ್ ಒಬ್ಬರು ಹಾರಿದ್ದು ಅದೇ ಮೊದಲು. ದೊಡ್ಡ ವಿಮಾನ ಕಂಪನಿಯ ಬಾಗಿಲು ತೆರೆಯಲು ಮಾರ್ಲನ್ ಗ್ರೀನ್ ಎಂಬ ಇನ್ನೊಬ್ಬ ಪೈಲಟ್ ಸುಪ್ರೀಂ ಕೋರ್ಟಿನವರೆಗೂ ಹೋಗಿ 1963ರಲ್ಲಿ ತೀರ್ಪು ಪಡೆಯಬೇಕಾಯಿತು ಎಂಬುದನ್ನು ಗಮನಿಸಿದರೆ ಈ ಪುಟ್ಟ ಕಂಪನಿಯ ನಡೆಯ ಮಹತ್ವ ತಿಳಿಯುತ್ತದೆ. ಕಂಪನಿ ಮುಚ್ಚುವವರೆಗೂ ಪೆರಿ ಯಂಗ್ ಅಲ್ಲಿಯೇ ದುಡಿದರು. 1998ರಲ್ಲಿ ನಿಧನರಾದರು.

ಮಹಡಿಯ ಮೇಲಿನ ನಿಲ್ದಾಣ

1962ರಲ್ಲಿ ಈ ಸಾರಿಗೆಯ ಚಹರೆಯೇ ಬದಲಾಯಿತು. ಪಿಸ್ಟನ್ ಎಂಜಿನ್ನಿನ ಬದಲು ಎರಡು ಟರ್ಬೈನ್ ಎಂಜಿನ್ನುಗಳಿರುವ ದೊಡ್ಡ ಯಂತ್ರಗಳು ಬಂದವು. ಲಾಸ್ ಏಂಜಲೀಸ್ ಏರ್‌ವೇಸ್ ಮಾರ್ಚ್‌ನಲ್ಲಿ ಸಿಕೋರ್ಸ್ಕಿ ಎಸ್-61ಎಲ್ ಯಂತ್ರವನ್ನೂ, ನ್ಯೂಯಾರ್ಕ್ ಏರ್‌ವೇಸ್ ಜುಲೈನಲ್ಲಿ ಮುಂದೊಂದು ಹಿಂದೊಂದು ರೋಟರ್ ಇರುವ ವರ್ಟೋಲ್-107 ಯಂತ್ರವನ್ನೂ ಸೇವೆಗೆ ಇಳಿಸಿದವು. ಇಪ್ಪತ್ತೈದು ಮಂದಿ ಒಟ್ಟಿಗೆ ಕುಳಿತು ಹೋಗಬಹುದಾದ, ಒಂದು ಎಂಜಿನ್ ಕೈಕೊಟ್ಟರೂ ಇನ್ನೊಂದು ಉಳಿಯುವ ವಾಹನಗಳಿವು. ಸ್ಯಾನ್ ಫ್ರಾನ್ಸಿಸ್ಕೊ ನಗರದಲ್ಲಿ 1961ರಲ್ಲಿಯೇ ಸಹಾಯಧನವನ್ನು ಬೇಡದೆ ಒಂದು ಕಂಪನಿ ಹುಟ್ಟಿಕೊಂಡಿತ್ತು. ಲಾಸ್ ಏಂಜಲೀಸಿನಲ್ಲಿ ಪ್ರವಾಸಿಗರು ವಿಮಾನದಿಂದಿಳಿದು ನೇರವಾಗಿ ಡಿಸ್ನಿಲ್ಯಾಂಡಿಗೆ ಹಾರುತ್ತಿದ್ದರು. 1965ರ ಆಗಸ್ಟ್‌ನಲ್ಲಿ ನ್ಯೂಯಾರ್ಕಿನ ಷಿಯಾ ಕ್ರೀಡಾಂಗಣದ ಸಂಗೀತ ಕಚೇರಿಗೆ ಬೀಟಲ್ಸ್ ತಂಡ ಬಂದದ್ದು ಹೆಲಿಕಾಪ್ಟರಿನಲ್ಲಿ. ಪಕ್ಕದ ವಿಶ್ವಮೇಳದ ಕಟ್ಟಡವೊಂದರ ಮಾಳಿಗೆಯ ಮೇಲೆ ಅವರು ಇಳಿದರು.

ಈ ಎಲ್ಲದರ ಶಿಖರವೆಂದರೆ ಪ್ಯಾನ್ ಅಮ್ ಕಟ್ಟಡ. ನ್ಯೂಯಾರ್ಕಿನ ಗ್ರ್ಯಾಂಡ್ ಸೆಂಟ್ರಲ್ ರೈಲು ನಿಲ್ದಾಣದ ಬೆನ್ನಿಗೆ 1963ರಲ್ಲಿ ತೆರೆದ ಈ 59 ಮಹಡಿಗಳ ಗಗನಚುಂಬಿಯ ಎತ್ತರ 808 ಅಡಿ. ಅದರ ನೆತ್ತಿಯ ಮೇಲೆ 1965ರ ಡಿಸೆಂಬರ್ 21ರಂದು ಹೆಲಿಕಾಪ್ಟರ್ ಸೇವೆ ಆರಂಭವಾಯಿತು. ಕೆನಡಿ ನಿಲ್ದಾಣದಿಂದ ಯೂರೋಪಿಗೆ ಹೊರಡುವ ಪ್ರಯಾಣಿಕರು ಈ ಕಟ್ಟಡದಲ್ಲಿಯೇ ಪೆಟ್ಟಿಗೆ ಒಪ್ಪಿಸಿ, ಲಿಫ್ಟ್ ಏರಿ, ಹತ್ತು ನಿಮಿಷದೊಳಗೆ ವಿಮಾನದ ಬಳಿ ಇಳಿಯಬಹುದಾಗಿತ್ತು. ವಿಮಾನ ಹೊರಡಲು ಮುಕ್ಕಾಲು ಗಂಟೆಗಿಂತ ಕಡಿಮೆ ಇರುವಾಗಲೂ ಮ್ಯಾನ್‌ಹಟನ್ನಿನ ನಟ್ಟನಡುವಿನಿಂದ ಹೊರಟು ಅದನ್ನು ಹಿಡಿಯಬಹುದೆಂಬುದು ಆಗ ದೊಡ್ಡ ಸುದ್ದಿ. ಪುರಾಣದ ಪುಷ್ಪಕ ವಿಮಾನಕ್ಕೂ ಇಷ್ಟು ಅಚ್ಚುಕಟ್ಟಾದ ವೇಳಾಪಟ್ಟಿ ಇರಲಿಲ್ಲವೇನೋ.

ಸುತ್ತಲಿನ ನಿವಾಸಿಗಳಿಗೆ ಮಾತ್ರ ಇದು ಹಿತವೆನಿಸಲಿಲ್ಲ. ಸದ್ದು ಮತ್ತು ಸುರಕ್ಷತೆಯ ಬಗ್ಗೆ ಮೊದಲಿನಿಂದಲೂ ವಿರೋಧ ವ್ಯಕ್ತವಾಗಿತ್ತು. ಇದಕ್ಕಿಂತ ದೊಡ್ಡ ಪೆಟ್ಟು ಆ ಹೊತ್ತಿಗಾಗಲೇ ಬಿದ್ದಿತ್ತು. ಎಷ್ಟು ವರ್ಷ ಸಾಕಿದರೂ ಕೂಸು ಸ್ವಂತ ಕಾಲ ಮೇಲೆ ನಿಲ್ಲಲಿಲ್ಲವೆಂಬ ಆಕ್ಷೇಪ ಸಂಸತ್ತಿನಲ್ಲಿ ಬಲಗೊಂಡು 1965ರ ಏಪ್ರಿಲ್‌ನಲ್ಲಿ ಸಹಾಯಧನ ನಿಂತುಹೋಯಿತು. ಕೆಲವೇ ಮಹಾನಗರಗಳ ಸಿರಿವಂತರ ಅವಸರಕ್ಕೆ ಇಡೀ ದೇಶದ ತೆರಿಗೆದಾರರು ಏಕೆ ಹಣ ತೆರಬೇಕೆಂಬ ಪ್ರಶ್ನೆಯಲ್ಲಿ ನ್ಯಾಯವಿತ್ತು. ಪ್ಯಾನ್ ಅಮ್ ಮತ್ತು ಟಿಡಬ್ಲ್ಯುಎ ವಿಮಾನ ಕಂಪನಿಗಳು ಕೆಲಕಾಲ ನ್ಯೂಯಾರ್ಕ್ ಏರ್‌ವೇಸಿನ ಕೈಹಿಡಿದವು. ಆಸನಗಳು ತುಂಬದೆ 1968ರಲ್ಲಿ ಮಹಡಿಯ ಸೇವೆಯನ್ನು ನಿಲ್ಲಿಸಲಾಯಿತು. ಷಿಕಾಗೊ ಕಂಪನಿ ಅದಕ್ಕೂ ಮೊದಲೇ, 1965ರಲ್ಲಿ, ವೇಳಾಪಟ್ಟಿಯ ಸೇವೆಗೆ ವಿದಾಯ ಹೇಳಿತ್ತು. 1960ರಲ್ಲಿ ಮೂರು ಲಕ್ಷಕ್ಕೂ ಹೆಚ್ಚು ಮಂದಿಯನ್ನು ಒಯ್ದಿದ್ದ ಆ ಕಂಪನಿಯ ಜೀವಾಳವೆಂದರೆ ಮಿಡ್‌ವೇ ಮತ್ತು ಓಹೇರ್ ನಿಲ್ದಾಣಗಳ ನಡುವಿನ ಓಡಾಟ. ವಿಮಾನಗಳೆಲ್ಲ ಓಹೇರಿಗೇ ವರ್ಗವಾದ ಮೇಲೆ ಎರಡು ನಿಲ್ದಾಣಗಳ ನಡುವೆ ಹೋಗುವವರೇ ಇಲ್ಲವಾದರು.

ಲೋಹದ ದಣಿವು

ತಂತಿಯೊಂದನ್ನು ಒಂದೇ ಕಡೆ ಹಿಂದಕ್ಕೂ ಮುಂದಕ್ಕೂ ಬಾಗಿಸುತ್ತಿದ್ದರೆ ಕೆಲ ಹೊತ್ತಿನಲ್ಲಿ ಅದು ತುಂಡಾಗುತ್ತದೆ. ಒಂದೊಂದು ಸಲದ ಬಾಗುವಿಕೆಯೂ ಅದರ ಶಕ್ತಿಯ ಮಿತಿಯೊಳಗೇ ಇದ್ದರೂ ಕೊನೆಗೆ ಮುರಿಯುತ್ತದೆ. ಇದನ್ನೇ ಲೋಹದ ದಣಿವು ಎನ್ನುತ್ತಾರೆ. ಹೆಲಿಕಾಪ್ಟರಿನ ಬ್ಲೇಡ್ ಒಂದೊಂದು ಸುತ್ತಿನಲ್ಲಿಯೂ ಮೇಲೆ ಕೆಳಗೆ ಬಾಗುತ್ತದೆ, ಹಿಂದೆ ಮುಂದೆ ತುಯ್ಯುತ್ತದೆ. ನಿಮಿಷಕ್ಕೆ ಇನ್ನೂರು ಸುತ್ತು ಎಂದಿಟ್ಟುಕೊಂಡರೂ ಒಂದು ಗಂಟೆಯ ಹಾರಾಟದಲ್ಲಿ ಹನ್ನೆರಡು ಸಾವಿರ ಬಾಗುವಿಕೆ. ಬ್ಲೇಡನ್ನು ಹಿಡಿದಿಡುವ ಗುಂಭ, ಅಚ್ಚು, ಮೊಳೆಗಳ ಪಾಡೂ ಅದೇ. ವಿಮಾನದ ರೆಕ್ಕೆ ಮುರಿಯುವುದು ಅಪರೂಪದ ಸಂಗತಿ; ಹೆಲಿಕಾಪ್ಟರಿನ ರೆಕ್ಕೆಯೇ ತಿರುಗುವ ಯಂತ್ರಭಾಗವಾದ್ದರಿಂದ ಪ್ರತಿಯೊಂದು ಬಿಡಿಭಾಗಕ್ಕೂ ಇಂತಿಷ್ಟು ಗಂಟೆಯ ಆಯುಷ್ಯ ಎಂದು ಗೊತ್ತುಮಾಡಿ, ಅದು ತೀರಿದೊಡನೆ ಚೆನ್ನಾಗಿ ಕಂಡರೂ ಕಿತ್ತೆಸೆಯಬೇಕಾಗುತ್ತದೆ. ಖರ್ಚು ಏರುವುದಕ್ಕೆ ಇದೂ ಒಂದು ಮುಖ್ಯ ಕಾರಣ.

1960ರ ಜುಲೈ 27ರ ರಾತ್ರಿ ಷಿಕಾಗೊ ಕಂಪನಿಯ ಎಸ್-58 ಯಂತ್ರದ ಮುಖ್ಯ ಬ್ಲೇಡ್ ಹಾರಾಟದಲ್ಲಿಯೇ ಮುರಿದು ಅದರಲ್ಲಿದ್ದ 13 ಮಂದಿಯೂ ಮೃತಪಟ್ಟರು. 1963ರ ಅಕ್ಟೋಬರ್‌ನಲ್ಲಿ ನ್ಯೂಯಾರ್ಕಿನ ಐಡಲ್‌ವೈಲ್ಡ್ ನಿಲ್ದಾಣದಲ್ಲಿ ವರ್ಟೋಲ್ ಯಂತ್ರವೊಂದು ಬಿದ್ದು ಆರು ಮಂದಿ ಸತ್ತರು. ಲಾಸ್ ಏಂಜಲೀಸ್ ಏರ್‌ವೇಸಿಗೆ 1968 ಕರಾಳ ವರ್ಷವಾಯಿತು. ಆ ಮೇ 22ರಂದು ಡಿಸ್ನಿಲ್ಯಾಂಡ್ ಇರುವ ಆನಹೈಮ್‌ನಿಂದ ವಿಮಾನ ನಿಲ್ದಾಣಕ್ಕೆ ಬರುತ್ತಿದ್ದ ಎಸ್-61ಎಲ್ ಪ್ಯಾರಾಮೌಂಟ್ ಎಂಬಲ್ಲಿ ನೆಲಕ್ಕಪ್ಪಳಿಸಿ 23 ಮಂದಿ ಬಲಿಯಾದರು. ಮೂರು ತಿಂಗಳೂ ಆಗಿರಲಿಲ್ಲ. ಆಗಸ್ಟ್ 14ರಂದು ಎದುರು ದಿಕ್ಕಿನಲ್ಲಿ ಹೊರಟಿದ್ದ ಅದೇ ಮಾದರಿಯ ಇನ್ನೊಂದು ಯಂತ್ರ ಕಾಂಪ್ಟನ್ ಊರಿನ ಉದ್ಯಾನವೊಂದರಲ್ಲಿ ಬಿದ್ದಿತು. ಸತ್ತವರು 21. ಬ್ಲೇಡನ್ನು ರೋಟರಿನ ಗುಂಭಕ್ಕೆ ಸೇರಿಸುವ ಅಚ್ಚು ದಣಿವಿನಿಂದ ಮುರಿದದ್ದೇ ಎರಡನೆಯ ದುರಂತದ ಕಾರಣವೆಂದು ತನಿಖೆಯಿಂದ ತಿಳಿದುಬಂತು. ಮೃತರಲ್ಲಿ ಕಂಪನಿಯ ಸ್ಥಾಪಕರ ಹದಿಮೂರು ವರ್ಷದ ಮೊಮ್ಮಗನೂ ಇದ್ದ. ಅನಂತರ ಆ ಕಂಪನಿ ಚೇತರಿಸಿಕೊಳ್ಳಲೇ ಇಲ್ಲ.

ತಂತ್ರಜ್ಞರು ಕೈಕಟ್ಟಿ ಕುಳಿತಿರಲಿಲ್ಲ. ಬ್ಲೇಡಿನ ಟೊಳ್ಳು ದೂಲದೊಳಗೆ ನೈಟ್ರೋಜನ್ ಅನಿಲವನ್ನು ಒತ್ತಡದಲ್ಲಿ ತುಂಬಿ, ಎಲ್ಲಿಯಾದರೂ ಕೂದಲೆಳೆಯಷ್ಟು ಬಿರುಕು ಬಿಟ್ಟರೂ ಅನಿಲ ಸೋರಿ ಸೂಚಕದಲ್ಲಿ ಗೊತ್ತಾಗುವಂತೆ ಮಾಡುವ ಉಪಾಯವನ್ನು ಸಿಕೋರ್ಸ್ಕಿ ಕಂಪನಿ ರೂಪಿಸಿತು. ಸರಳವಾದರೂ ಬಹಳ ಜಾಣತನದ ಉಪಾಯವಿದು. ಬ್ಲೇಡಿಗೆ ಇಂತಹ ಕಾವಲು ಒದಗಿದರೂ ಉಳಿದ ನೂರಾರು ಬಿಡಿಭಾಗಗಳಿಗೆ ಒದಗಲಿಲ್ಲ.

1977ರ ಮೇ 16

ಪ್ಯಾನ್ ಅಮ್ ಕಟ್ಟಡದ ಮೇಲಿನ ಸೇವೆಯನ್ನು ಒಂಬತ್ತು ವರ್ಷಗಳ ಬಳಿಕ, 1977ರ ಫೆಬ್ರವರಿಯಲ್ಲಿ, ಎಸ್-61ಎಲ್ ಯಂತ್ರಗಳೊಂದಿಗೆ ಪುನಃ ಆರಂಭಿಸಲಾಯಿತು. ಮೂರೂವರೆ ತಿಂಗಳು ಕಳೆದಿತ್ತು. ಮೇ 16ರ ಸಂಜೆ ಸುಮಾರು ಐದೂವರೆ ಗಂಟೆಗೆ ಮಹಡಿಯ ಮೇಲೆ ಇಳಿದು ನಿಂತಿದ್ದ ಹೆಲಿಕಾಪ್ಟರಿನ ರೋಟರ್ ತಿರುಗುತ್ತಲೇ ಇತ್ತು. ಸಮಯ ಉಳಿಸಲು ಎಂಜಿನ್ ನಿಲ್ಲಿಸದೆಯೇ ಪ್ರಯಾಣಿಕರನ್ನು ಹತ್ತಿಸಿಕೊಳ್ಳುವುದು ಅಲ್ಲಿನ ರೂಢಿ. ಆ ಕ್ಷಣದಲ್ಲಿ ಬಲಗಡೆಯ ಗಾಲಿಯ ಆಧಾರಕಂಬ ಮುರಿಯಿತು. ಯಂತ್ರ ಮಗ್ಗುಲಿಗೆ ಉರುಳಿತು. ತಿರುಗುತ್ತಿದ್ದ ಬ್ಲೇಡುಗಳು ಹತ್ತಲು ನಿಂತಿದ್ದವರಿಗೆ ಬಡಿದು ನಾಲ್ವರು ಪ್ರಾಣ ಕಳೆದುಕೊಂಡರು. ಮುರಿದ ಬ್ಲೇಡಿನ ತುಂಡೊಂದು ಕಟ್ಟಡದ ಅಂಚನ್ನು ದಾಟಿ ಕೆಳಗೆ ಬಿದ್ದು, ಮ್ಯಾಡಿಸನ್ ಅವೆನ್ಯೂ ಬೀದಿಯಲ್ಲಿ ತನ್ನ ಪಾಡಿಗೆ ನಡೆದು ಹೋಗುತ್ತಿದ್ದ ಮಹಿಳೆಯೊಬ್ಬರನ್ನು ಕೊಂದಿತು. ಹೆಲಿಕಾಪ್ಟರ್ ಹಾರುತ್ತಲೂ ಇರಲಿಲ್ಲ, ಪೈಲಟ್ಟನ ತಪ್ಪೂ ಇರಲಿಲ್ಲ. ಗಾಲಿಯ ಆಧಾರದ ಲೋಹ ದಣಿದಿತ್ತು.

ಟಿಕೆಟ್ ಪಡೆದವರು ಅಪಾಯವನ್ನು ಅರಿತೇ ಹತ್ತಿದವರೆಂದು ವಾದಿಸಬಹುದು. ಬೀದಿಯಲ್ಲಿ ನಡೆಯುತ್ತಿದ್ದ ಮಹಿಳೆಯ ವಿಷಯದಲ್ಲಿ ಆ ವಾದ ನಿಲ್ಲುವುದಿಲ್ಲ. ನಗರದ ಮೇಲಿನ ಹೆಲಿಕಾಪ್ಟರ್ ಸಂಚಾರವನ್ನು ಕುರಿತ ಚರ್ಚೆಯಲ್ಲಿ ಆಕೆಯ ಸಾವು ಇಂದಿಗೂ ಉಲ್ಲೇಖವಾಗುತ್ತದೆ. ಅಂದು ಮುಚ್ಚಿದ ಆ ಮಹಡಿಯ ನಿಲ್ದಾಣ ಮತ್ತೆ ತೆರೆಯಲಿಲ್ಲ. ಕಟ್ಟಡ 1990ರ ದಶಕದಲ್ಲಿ ಮೆಟ್‌ಲೈಫ್ ಎಂಬ ವಿಮಾ ಕಂಪನಿಯ ಹೆಸರು ಪಡೆಯಿತು.

ನ್ಯೂಯಾರ್ಕ್ ಏರ್‌ವೇಸ್ ನೆಲಮಟ್ಟದ ನಿಲ್ದಾಣಗಳಿಂದ ಇನ್ನೆರಡು ವರ್ಷ ನಡೆಯಿತು. 1979ರ ಏಪ್ರಿಲ್ 18ರಂದು ನ್ಯೂವಾರ್ಕಿನಲ್ಲಿ ಬಾಲದ ರೋಟರಿನ ಬ್ಲೇಡ್ ಕೆಟ್ಟು ಯಂತ್ರ ಬಿದ್ದು ಮೂವರು ಸತ್ತರು. ಮುಂದಿನ ತಿಂಗಳು ಕಂಪನಿ ದಿವಾಳಿ ಅರ್ಜಿ ಸಲ್ಲಿಸಿತು.

ಉಳಿದ ಮಾರ್ಗಗಳು

ರಸ್ತೆ, ರೈಲು, ದೋಣಿಗಳೊಂದಿಗೆ ಸ್ಪರ್ಧೆಯೇ ಇಲ್ಲದ ಅಥವಾ ಅಲ್ಪವಾಗಿರುವ ಕಡೆ ಹೆಲಿಕಾಪ್ಟರ್ ನೆಲೆಯೂರಿತು. ಇಂಗ್ಲೆಂಡಿನ ನೈಋತ್ಯ ತುದಿಯ ಪೆನ್ಜಾನ್ಸ್‌ನಿಂದ ಸಿಲಿ ದ್ವೀಪಗಳಿಗೆ 1964ರಲ್ಲಿ ಆರಂಭವಾದ ಸೇವೆ ಇದಕ್ಕೆ ಉತ್ತಮ ನಿದರ್ಶನ. ಹಡಗಿನಲ್ಲಿ ಮೂರು ಗಂಟೆಗೆ ಸಮೀಪದ, ಹೊಟ್ಟೆ ತೊಳಸುವ ಪ್ರಯಾಣ. ಹೆಲಿಕಾಪ್ಟರಿನಲ್ಲಿ ಇಪ್ಪತ್ತು ನಿಮಿಷ. ದ್ವೀಪದ ಜನ ಆಸ್ಪತ್ರೆಗೆ, ಸಂತೆಗೆ, ಮದುವೆಗೆ ಅದರಲ್ಲಿಯೇ ಹೋಗಿಬಂದರು. ಅಲ್ಲಿಯೂ ದುಃಖ ತಪ್ಪಲಿಲ್ಲ. 1983ರ ಜುಲೈ 16ರಂದು ಮಂಜು ಮುಸುಕಿದ ಶಾಂತ ಸಮುದ್ರದ ಮೇಲೆ ತಗ್ಗಿನಲ್ಲಿ ಹಾರುತ್ತಿದ್ದ ಎಸ್-61ಎನ್, ಪೈಲಟ್‌ಗಳಿಗೆ ಅರಿವಾಗದಂತೆಯೇ ಇಳಿಯುತ್ತ ನೀರಿಗೆ ಬಡಿಯಿತು. 26 ಜನರಲ್ಲಿ 20 ಮಂದಿ ಅಸುನೀಗಿದರು. ಎತ್ತರ ಕಡಿಮೆಯಾದೊಡನೆ ಧ್ವನಿಯಿಂದ ಎಚ್ಚರಿಸುವ ಸಾಧನವನ್ನು ಅಳವಡಿಸಲು ಈ ದುರಂತ ಪ್ರೇರಣೆಯಾಯಿತು. ಸೇವೆ 2012ರ ಅಕ್ಟೋಬರ್ ಕೊನೆಯವರೆಗೆ ನಡೆದು ನಿಂತು, 2020ರ ಮಾರ್ಚ್‌ನಲ್ಲಿ ಹೊಸ ಯಂತ್ರದೊಂದಿಗೆ ಮತ್ತೆ ಆರಂಭವಾಯಿತು.

ಉತ್ತರ ಸಮುದ್ರದ ತೈಲ ವೇದಿಕೆಗಳಿಗೆ ಕಾರ್ಮಿಕರನ್ನು ಒಯ್ಯುವ ಕೆಲಸ 1970ರ ದಶಕದಿಂದ ಸಾವಿರಾರು ಪೈಲಟ್‌ಗಳಿಗೆ ಅನ್ನ ನೀಡಿತು. 1986ರ ನವೆಂಬರ್ 6ರಂದು ಶೆಟ್‌ಲ್ಯಾಂಡಿನ ಸಂಬರಾ ಬಳಿ, ಕಾರ್ಮಿಕರನ್ನು ಕರೆತರುತ್ತಿದ್ದ ಚಿನೂಕ್ ಹೆಲಿಕಾಪ್ಟರಿನ ಗೇರ್‌ಬಾಕ್ಸಿನ ಹಲ್ಲುಚಕ್ರ ಮುರಿದು ಎರಡು ರೋಟರುಗಳೂ ಒಂದಕ್ಕೊಂದು ಬಡಿದವು. 47 ಜನರಲ್ಲಿ ಬದುಕುಳಿದವರು ಇಬ್ಬರೇ. ನ್ಯೂಯಾರ್ಕಿನಲ್ಲಿ ಹಾರಿದ ವರ್ಟೋಲ್-107ರ ದೊಡ್ಡ ಸೋದರನೇ ಈ ಚಿನೂಕ್.

ಭಾರತದ ನಂಟು

ಭಾರತದಲ್ಲಿ ನಾಗರಿಕ ಹೆಲಿಕಾಪ್ಟರ್ ಸೇವೆ ಸಂಘಟಿತ ರೂಪ ಪಡೆದದ್ದು ತೈಲದ ಕಾರಣದಿಂದಲೇ. ಮುಂಬಯಿ ಕರಾವಳಿಯಾಚೆಯ ಬಾಂಬೆ ಹೈ ತೈಲಬಾವಿಗಳಿಗೆ ಸಿಬ್ಬಂದಿಯನ್ನು ಸಾಗಿಸುವ ಮುಖ್ಯ ಉದ್ದೇಶದಿಂದ 1985ರ ಅಕ್ಟೋಬರ್‌ನಲ್ಲಿ ಹೆಲಿಕಾಪ್ಟರ್ ಕಾರ್ಪೊರೇಷನ್ ಆಫ್ ಇಂಡಿಯಾ ಸ್ಥಾಪನೆಯಾಯಿತು. ಮುಂದೆ ಅದು ಪವನ್ ಹನ್ಸ್ ಎಂಬ ಹೆಸರು ಪಡೆಯಿತು. ಅದರ ಬಳಗದಲ್ಲಿ ಫ್ರಾನ್ಸಿನ ಡಾಫಿನ್ ಯಂತ್ರಗಳ ಜತೆಗೆ ಬ್ರಿಟನ್ನಿನ ವೆಸ್ಟ್‌ಲ್ಯಾಂಡ್-30 ಯಂತ್ರಗಳೂ ಇದ್ದವು. ಲಾಸ್ ಏಂಜಲೀಸಿನಲ್ಲಿ ನಗರ ಸಾರಿಗೆಯನ್ನು ಮತ್ತೆ ಹುಟ್ಟುಹಾಕಲು 1983ರಲ್ಲಿ ಏರ್‌ಸ್ಪರ್ ಎಂಬ ಕಂಪನಿ ಬಳಸಿ ಸೋತದ್ದೂ ಇದೇ ಮಾದರಿಯನ್ನು. ಬ್ರಿಟನ್ ಸರಕಾರದ 6.5 ಕೋಟಿ ಪೌಂಡ್ ನೆರವಿನಡಿ ಇಂತಹ 21 ಯಂತ್ರಗಳು ಭಾರತಕ್ಕೆ ಬಂದವು. ನಮ್ಮ ತಜ್ಞರಿಗೆ ಅವುಗಳ ಬಗ್ಗೆ ಒಲವಿರಲಿಲ್ಲ. ಬ್ರಿಟನ್ನಿನ ಪ್ರಧಾನಿ ಮಾರ್ಗರೆಟ್ ಥ್ಯಾಚರ್ ಅವರ ಒತ್ತಾಯ ಈ ಖರೀದಿಯ ಹಿಂದಿತ್ತು. 1988ರಲ್ಲಿ ಜಮ್ಮುವಿನ ವೈಷ್ಣೋದೇವಿ ಬಳಿಯೂ 1989ರಲ್ಲಿ ನಾಗಾಲ್ಯಾಂಡಿನಲ್ಲಿಯೂ ಎರಡು ಯಂತ್ರಗಳು ಪತನಗೊಂಡವು. 1991ರಲ್ಲಿ ಉಳಿದ 19ರ ಹಾರಾಟವನ್ನು ನಿಲ್ಲಿಸಿ, ಕೊನೆಗೆ ಸುಮಾರು ಒಂಬತ್ತು ಲಕ್ಷ ಪೌಂಡ್‌ಗೆ ಮಾರಲಾಯಿತು. ದಾನದ ಹಸುವಿನ ಹಲ್ಲೆಣಿಸಬಾರದೆಂಬ ಗಾದೆ ಹೆಲಿಕಾಪ್ಟರಿಗೆ ಅನ್ವಯಿಸುವುದಿಲ್ಲ.

ಬೆಂಗಳೂರಿಗೆ ಹೆಲಿಕಾಪ್ಟರ್ ಹೊಸದಲ್ಲ. ಹಿಂದೂಸ್ತಾನ್ ಏರೋನಾಟಿಕ್ಸ್ ಸಂಸ್ಥೆಯು ಫ್ರೆಂಚ್ ಪರವಾನಗಿಯಡಿ ತಯಾರಿಸಿದ ಚೇತಕ್ 1960ರ ದಶಕದಿಂದಲೂ ಇಲ್ಲಿನ ಆಕಾಶದಲ್ಲಿದೆ. ಹಾಸನ ಜಿಲ್ಲೆ ಗೊರೂರಿನ ಕ್ಯಾಪ್ಟನ್ ಜಿ.ಆರ್. ಗೋಪಿನಾಥ್ 1990ರ ದಶಕದಲ್ಲಿ ಡೆಕ್ಕನ್ ಏವಿಯೇಷನ್ ಕಂಪನಿ ಸ್ಥಾಪಿಸಿ ಬಾಡಿಗೆ ಹೆಲಿಕಾಪ್ಟರುಗಳನ್ನು ಹಾರಿಸಿದರು. 2003ರಲ್ಲಿ ಬಂದ ಏರ್ ಡೆಕ್ಕನ್ ಅದರ ಮುಂದಿನ ಹೆಜ್ಜೆ. ನ್ಯೂಯಾರ್ಕ್ ಮಾದರಿಯ ನಿಲ್ದಾಣ ಸೇವೆಯೂ ಇಲ್ಲಿ ನಡೆದಿದೆ. 2018ರ ಮಾರ್ಚ್‌ನಲ್ಲಿ ತುಂಬಿ ಏವಿಯೇಷನ್ ಕಂಪನಿಯು ಕೆಂಪೇಗೌಡ ವಿಮಾನ ನಿಲ್ದಾಣದಿಂದ ಎಲೆಕ್ಟ್ರಾನಿಕ್ಸ್ ಸಿಟಿಗೆ ಬೆಲ್-407 ಯಂತ್ರದಲ್ಲಿ ಹೆಲಿಟ್ಯಾಕ್ಸಿ ಆರಂಭಿಸಿತು. ರಸ್ತೆಯಲ್ಲಿ ಎರಡು ಗಂಟೆ ಹಿಡಿಯುವ ದಾರಿಗೆ ಹದಿನೈದು ನಿಮಿಷ. ತಲೆಗೆ ತೆರಿಗೆ ಬಿಟ್ಟು 3,500 ರೂಪಾಯಿ. ಐದಾರು ಆಸನಗಳ ಆ ಸೇವೆ ಬಹುಕಾಲ ಬಾಳಲಿಲ್ಲ. 2022ರ ಅಕ್ಟೋಬರ್‌ನಲ್ಲಿ ಬ್ಲೇಡ್ ಇಂಡಿಯಾ ಎಂಬ ಕಂಪನಿ ಎಚ್‌ಎಎಲ್ ನಿಲ್ದಾಣದ ಕಡೆಯಿಂದ ಇದೇ ಬಗೆಯ ಸೇವೆಯನ್ನು 3,250 ರೂಪಾಯಿ ದರದಲ್ಲಿ ಪ್ರಕಟಿಸಿತು.

2024ರ ಅಕ್ಟೋಬರ್‌ನಲ್ಲಿ ಬೆಂಗಳೂರು ಅಂತರರಾಷ್ಟ್ರೀಯ ವಿಮಾನ ನಿಲ್ದಾಣ ಸಂಸ್ಥೆಯು ನಗರದ ಸರ್ಲಾ ಏವಿಯೇಷನ್ ಎಂಬ ನವೋದ್ಯಮದೊಂದಿಗೆ ವಿದ್ಯುತ್ ಚಾಲಿತ ಹಾರುವ ಟ್ಯಾಕ್ಸಿಗಳ ಕುರಿತು ಒಪ್ಪಂದ ಮಾಡಿಕೊಂಡಿತು. ಒಂದು ದೊಡ್ಡ ರೋಟರಿನ ಬದಲು ಹಲವು ಪುಟ್ಟ ರೋಟರುಗಳು, ಒಂದೆರಡು ಎಂಜಿನ್ನುಗಳ ಬದಲು ಹಲವು ಮೋಟಾರುಗಳು ಇರುವುದರಿಂದ ಒಂದು ಭಾಗ ಮುರಿದರೆ ಇಡೀ ಯಂತ್ರ ಬೀಳುವ ಭಯ ತಗ್ಗುತ್ತದೆ, ಸದ್ದೂ ಕಡಿಮೆಯಾಗುತ್ತದೆ ಎಂಬುದು ಇಂತಹ ವಾಹನಗಳ ನಿರ್ಮಾಪಕರ ವಾದ. ಟಿಕೆಟ್ ದರದಿಂದಲೇ ಖರ್ಚು ಹುಟ್ಟುವುದೇ ಎಂಬ 1965ರ ಪ್ರಶ್ನೆಗೆ ಉತ್ತರ ಸಿಗಬೇಕಾದರೆ ಅವು ಪ್ರಯಾಣಿಕರನ್ನು ಹೊತ್ತು ಕೆಲವು ವರ್ಷಗಳಾದರೂ ಹಾರಬೇಕು.